ಗಿಣಿಯಣ್ಣನ ಮನೆಯ ‘ಅದೇ’

ಚಪ್ಪಲಿ ಅಂಗಡಿಯಲ್ಲಿ ಅವನನ್ನು ಎಲ್ಲರೂ ಗಿಣಿಯಣ್ಣ ಎಂದೇ ಕರೆಯುತ್ತಿದ್ದರು. ಎದುರಿಗೆ ಕೂತವರು ಹೇಗೆ ಮಾತಾಡುತ್ತಾರೋ ಹಾಗೇ ಮಾತಾಡುವುದು ಅವನ ಚಾಳಿ. ಗತ್ತಿನ ಗಿರಾಕಿ ಬಂದರೆ “ತಾವು ಪಾದ ಸ್ವಲ್ಪ ಮುಂದೆ ಇಡಬೇಕು” ಎನ್ನುವನು. ಲಾರಿ ಡ್ರೈವರ್ ಬಂದರೆ “ಹಾಕ್ ಗುರು ಕಾಲು, ಸೈಜ್ ನೋಡೇಬಿಡಣ” ಎನ್ನುವನು. ಒಮ್ಮೆ ತೊದಲುವ ಮೇಷ್ಟ್ರೊಬ್ಬರ ಎದುರು ಇವನೂ ತೊದಲಿ, “ಏನಯ್ಯಾ, ಅಣಕಿಸ್ತೀಯಾ?” ಎಂದು ಚೆನ್ನಾಗಿ ಬೈಸಿಕೊಂಡಿದ್ದ. ಪಾಪ, ಬೇಕೆಂದು ಮಾಡಿದ್ದಲ್ಲ. ಅವನ ನಾಲಿಗೆಗೆ ಸ್ವಂತ ಮನೆಯೇ ಇರಲಿಲ್ಲ, ಕಂಡಕಂಡವರ ಜಗಲಿಯಲ್ಲಿ ಕೂತು ಬರುತ್ತಿತ್ತು.

“ಕಂಡವರ ಕಾಲು ಹಿಡಿದೇ ಸಂಸಾರ ಸಾಗಿಸಿದವನು ಕಣಪ್ಪಾ ನಾನು” ಎಂದು ತಾನೇ ತಮಾಷೆ ಮಾಡುತ್ತಿದ್ದ. ಆದರೆ ಸಂಜೆಯ ಹೊತ್ತಿಗೆ ಮಂಡಿಗಿಂತ ಬಾಯಿಯೇ ಹೆಚ್ಚು ನೋಯುತ್ತಿತ್ತು. ಹತ್ತಾರು ಜನರ ಮಾತು ಆಡಿ ಆಡಿ ದವಡೆ ಬಿದ್ದುಹೋದಂತಾಗುತ್ತಿತ್ತು. ಮನೆಗೆ ಬಂದರೆ ಅಲ್ಲಿ ಹೆಂಡತಿ. ಆಹಾ, ಆಕೆಯ ಮಾತೋ ಮಾತು! ಬಾಗಿಲು ತೆಗೆಯುವಾಗ ಶುರುವಾದದ್ದು ಮಲಗುವವರೆಗೂ ನಿಲ್ಲುತ್ತಿರಲಿಲ್ಲ. ಅವನು “ಹೂಂ, ಆಮೇಲೆ?” ಎಂದುಕೊಂಡು ಅವಳ ರಾಗಕ್ಕೆ ರಾಗ ಸೇರಿಸುತ್ತಿದ್ದ.

ಆ ಹೆಂಡತಿಗೆ ಲಕ್ವ ಹೊಡೆಯಿತು. ಬಲಗೈ ಸೋತಿತು, ಮಾತು ಹೋಯಿತು. ಆಸ್ಪತ್ರೆಯಿಂದ ಬರುವಾಗ ಅವಳ ಬಾಯಲ್ಲಿ ಉಳಿದದ್ದು ಒಂದೇ ಶಬ್ದ: “ಅದೇ.” ನೀರು ಬೇಕೆಂದರೂ ಅದೇ, ಫ್ಯಾನು ಹಾಕೆಂದರೂ ಅದೇ, ಮಗಳು ಯಾಕೆ ಬರಲಿಲ್ಲ ಎಂದರೂ ಅದೇ. ಬೇರೆಯವರಾಗಿದ್ದರೆ ತಲೆ ಕೆಟ್ಟುಹೋಗುತ್ತಿತ್ತು. ಗಿಣಿಯಣ್ಣ ಕೆಲವೇ ವಾರಗಳಲ್ಲಿ ಆ ಅದೇಗಳನ್ನೆಲ್ಲ ಅರೆದು ಕುಡಿದ. ಎಳೆದು ಹೇಳಿದರೆ ಬೇಸರ, ತುಂಡು ಮಾಡಿ ಹೇಳಿದರೆ ಹಸಿವು, ಹುಬ್ಬು ಎತ್ತಿದರೆ ಮಗಳ ಸುದ್ದಿ.

ಅಷ್ಟೇ ಆಗಿದ್ದರೆ ಸರಿ. ತನ್ನ ಚಾಳಿಯಂತೆ ಅವನೂ ಅದನ್ನೇ ಆಡತೊಡಗಿದ. ತಟ್ಟೆ ಹಿಡಿದು “ಅದೇ?” ಎನ್ನುವನು. ಅವಳು “ಅದೇ” ಎನ್ನುವಳು. ಮುಗಿಯಿತು, ಊಟ. ನಿಜ ಹೇಳಬೇಕೆಂದರೆ ಅವನಿಗೆ ಅದು ಹಿತವಾಗಿತ್ತು. ಮದುವೆಯಾದ ಮೇಲೆ ಮೊದಲ ಸಲ ಮನೆಯಲ್ಲಿ ಅವನ ಬಾಯಿಗೆ ಬಿಡುವು ಸಿಕ್ಕಿತ್ತು. ಹಾಗೆ ಅನ್ನಿಸಿದಾಗಲೆಲ್ಲ ನಾಚಿಕೆಯಾಗುತ್ತಿತ್ತು. ಆದರೂ ಹಿತ ಹಿತವೇ.

ಒಂದು ದಿನ ಅಂಗಡಿಯಲ್ಲಿ ಗಿರಾಕಿಯೊಬ್ಬಳು ಕಪ್ಪು ಬಣ್ಣದ್ದು ಇದೆಯಾ ಎಂದು ಕೇಳಿದಾಗ ಇವನು ಮೇಲಿನ ಅಟ್ಟ ತೋರಿಸಿ “ಅದೇ” ಎಂದ. ಒಂದು ಸೈಜು ದೊಡ್ಡದು ಕೊಡಿ ಎಂದರೂ “ಅದೇ.” ಅವಳು ಎದ್ದು ಹೋದಳು. ಯಜಮಾನರು ಗಲ್ಲಾದಿಂದಲೇ ಕೂಗಿದರು: “ಏನ್ರೀ ಗಿಣಿಯಣ್ಣ, ಮಾತನ್ನೇನು ಅಡ ಇಟ್ಟಿದೀರಾ?”

ಅದೇ ವಾರ ಮಗಳು ಬಂದು ಇಬ್ಬರನ್ನೂ ಮಾತು ಕಲಿಸುವ ಡಾಕ್ಟರಮ್ಮನ ಬಳಿಗೆ ಎಳೆದುಕೊಂಡು ಹೋದಳು. ಡಾಕ್ಟರಮ್ಮ ಗಂಡ ಹೆಂಡತಿ ಮಾತಾಡುವುದನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಅವನನ್ನು ಹೊರಗೆ ಕರೆದರು.

“ನೀವು ತುಂಬಾ ಚೆನ್ನಾಗಿ ಅರ್ಥ ಮಾಡ್ಕೋತೀರಿ. ತೊಂದರೆ ಆಗಿರೋದೇ ಅಲ್ಲಿ. ಒಂದು ಶಬ್ದದಲ್ಲಿ ಎಲ್ಲಾ ಸಿಗುತ್ತಲ್ಲ, ಅವರು ಎರಡನೇದಕ್ಕೆ ಯಾಕೆ ಕಷ್ಟಪಡ್ತಾರೆ? ಮಾತು ವಾಪಸ್ ಬರೋ ಕಾಲ ಇದೇ. ಈಗ ಬಿಟ್ರೆ ಆಮೇಲೆ ಕಷ್ಟ. ಗೊತ್ತಾದ್ರೂ ಗೊತ್ತಾಗದ ಹಾಗೆ ಇರಿ.”

ದಾರಿಯುದ್ದಕ್ಕೂ ಅವನು ಒಳಗೊಳಗೇ ಗೊಣಗಿಕೊಂಡ. ಅಂಗಡಿಯಲ್ಲಿ ದಿನವಿಡೀ ನಾಟಕ, ಇನ್ನು ಮನೆಯಲ್ಲೂ ನಾಟಕವೇ? ಸಾಕಪ್ಪಾ ಸಾಕು ಅನ್ನಿಸಿತು.

ಮರುದಿನ ಸಂಜೆ ಗಾಳಿ ಬೀಸುತ್ತಿತ್ತು. ಹೆಂಡತಿ ಕಿಟಕಿಯ ಕಡೆ ನೋಡಿ “ಅದೇ” ಎಂದಳು. ಅವನ ಕೈ ಆಗಲೇ ಚಿಲಕದತ್ತ ಹೊರಟಿತ್ತು. ಹಿಂದಕ್ಕೆ ಎಳೆದುಕೊಂಡು ಕೇಳಿದ: “ಏನು ಬೇಕು?”

“ಅದೇ!”

“ಅದೇ ಅಂದ್ರೆ ಯಾವುದು? ನಂಗೆ ಗೊತ್ತಾಗ್ಲಿಲ್ಲ.”

ಅವಳು ಅವನನ್ನೇ ದಿಟ್ಟಿಸಿದಳು. ಮೂವತ್ತು ವರ್ಷ ಸಂಸಾರ ಮಾಡಿದವಳಿಗೆ ಗಂಡನ ಸುಳ್ಳು ತಿಳಿಯದೇ? ಎಡಗೈಯಿಂದ ಮಂಚ ಗುದ್ದಿದಳು. ಕಣ್ಣಲ್ಲಿ ನೀರು ಬಂತು. ಆದರೂ ಅವನು ಕದಲಲಿಲ್ಲ. ಅವಳ ತುಟಿ ವಾರೆಯಾಗಿ, ಕತ್ತಿನ ನರ ಉಬ್ಬಿ, “ಕಿ... ಕಿಟ್... ಕಿಟಕಿ” ಎಂಬುದು ಹೊರಬಿತ್ತು.

“ಬಂತು ಕಣೇ! ಬಂತು!” ಎಂದು ಅವನು ಎದ್ದು ಕಿಟಕಿ ಮುಚ್ಚಿದ. ತಿರುಗಿ ನೋಡಿದರೆ ಅವಳ ಮುಖದಲ್ಲಿ ಸಂತೋಷವಿಲ್ಲ. ಅವಳ ಬಾಯಿ ಇನ್ನೂ ಹೆಣಗುತ್ತಿತ್ತು.

“ನಾನು... ಸುಮ್ನೆ... ಇದ್ರೆ...” ಎಂದು ನಿಂತಳು. ಉಸಿರು ತೆಗೆದುಕೊಂಡಳು. “ನಿಮ್ಗೆ... ಸುಖ.”

ಗಿಣಿಯಣ್ಣ ಮಂಚದ ಅಂಚಿನಲ್ಲಿ ಕುಸಿದು ಕೂತ. ಇಷ್ಟು ದಿನ ಅವಳ ಅದೇಗಳನ್ನೆಲ್ಲ ಓದುತ್ತಿದ್ದೆ ಎಂದು ಬೀಗಿದ್ದವನಿಗೆ ಅವಳೂ ತನ್ನನ್ನು ಓದುತ್ತಿರಬಹುದೆಂದು ಹೊಳೆದೇ ಇರಲಿಲ್ಲ. ‘ಛೇ, ಹಾಗೇನಿಲ್ಲ’ ಎಂಬುದು ನಾಲಿಗೆಯ ತುದಿಗೆ ಬಂದಿತ್ತು. ಗಿರಾಕಿಗಳಿಗೆ ಹೇಳಿ ಹೇಳಿ ಸವೆದ ಮಾತು ಅದು. ಅದನ್ನು ನುಂಗಿದ.

“ಹೌದು ಕಣೇ” ಎಂದ. ಸ್ವರ ಒರಟಾಗಿತ್ತು, ಯಾರದ್ದೋ ಅನ್ನಿಸುವಂತಿತ್ತು. “ಸುಖವಾಗಿತ್ತು. ನಂಗೆ ತುಂಬಾ ಸುಸ್ತಾಗಿತ್ತು. ತಪ್ಪಾಯ್ತು.”

ಅವಳು ಅಳಲಿಲ್ಲ, ಬೈಯಲಿಲ್ಲ. ತಲೆ ಆಡಿಸಿ, ಇನ್ನೇನನ್ನೋ ಹೇಳಲು ಬಾಯಿ ತೆರೆದಳು. “ನಂಗೆ... ನಂಗೂ... ಸುಸ್...” ಎಂದು ಅಲ್ಲೇ ಸಿಕ್ಕಿಕೊಂಡಳು. ಆ ಶಬ್ದ ಯಾವುದೆಂದು ಅವನಿಗೆ ಗೊತ್ತಿತ್ತು. ತುಟಿ ಕಚ್ಚಿ ಹಿಡಿದು, ಅವಳೇ ಅದನ್ನು ಹೇಳುವವರೆಗೆ ಕಾದ.