ರಾಜೇಸಾಬರ ಒಂದೇ ಸುಳ್ಳು

ರಾಜೇಸಾಬರು ಯಾರ ಮನೆಗೆ ಹೋದರೂ ಮೊದಲು ಸೋಫಾದ ಯೋಗಕ್ಷೇಮ ವಿಚಾರಿಸುತ್ತಿದ್ದರು, ಆಮೇಲೆ ಮನೆಯವರದು. ಬಾಗಿಲಾಚೆ ಚಪ್ಪಲಿ ಬಿಟ್ಟು ಒಳಗೆ ಬಂದು, ಸೋಫಾದ ಎದುರು ಕುಕ್ಕರಗಾಲಲ್ಲಿ ಕೂತು, ಬಲಗೈಯನ್ನು ಮಗುಚಿ ಅದರ ಹಿಂಬದಿಯನ್ನು ಚರ್ಮದ ಮೇಲೆ ಇಡುತ್ತಿದ್ದರು, ಜ್ವರ ಬಂದ ಮಗುವಿನ ಹಣೆ ಮುಟ್ಟಿ ನೋಡುವ ಹಾಗೆ. ಅಂಗೈ ಯಾಕೆ ಇಡುವುದಿಲ್ಲ ಎಂದು ಕೇಳಿದರೆ, "ಅಂಗೈ ದಡ್ಡ ಆಗೇತ್ರಿ ಸರ್. ನಲವತ್ತು ವರ್ಷ ಉಳಿ, ದಬ್ಬಣ ಹಿಡದು ಹಿಡದು ಅದಕ್ಕ ಏನೂ ತಿಳಿಯಂಗಿಲ್ಲ. ಹಿಂಬದಿ ಇನ್ನೂ ಶಾಣ್ಯಾ ಐತಿ" ಎನ್ನುತ್ತಿದ್ದರು. ಇದು ಎಮ್ಮೆಯದು, ಇದು ಆಡಿನದು, ಇದು ರೆಕ್ಸಿನ್ ಎಂದು ಒಮ್ಮೆ ತೀರ್ಪು ಕೊಟ್ಟರೆ ಮುಗಿಯಿತು. ಮನೆಯವರು ಅಪ್ಪಟ ಚರ್ಮವೆಂದು ನಂಬಿಕೊಂಡಿದ್ದನ್ನು ಮುಖದ ಮೇಲೆ ರೆಕ್ಸಿನ್ ಎಂದು ಹೇಳಿ, ಬಾಗಲಕೋಟೆಯ ನಮ್ಮ ವಿದ್ಯಾಗಿರಿ ಬಡಾವಣೆಯ ಹಲವು ಮನೆಗಳಲ್ಲಿ ಗಂಡ ಹೆಂಡಿರ ನಡುವೆ ಜಗಳ ಹಚ್ಚಿದ ಕೀರ್ತಿಯೂ ಅವರಿಗಿತ್ತು.

ಅಂಥವರ ಬಾಯಿಂದ ನಾನು ಸುಳ್ಳು ಹೇಳಿಸಿದೆ. ಅಷ್ಟಕ್ಕೆ ನಿಲ್ಲಿಸಿದ್ದರೆ ಇದನ್ನು ಬರೆಯುವ ಪ್ರಸಂಗ ಬರುತ್ತಿರಲಿಲ್ಲ.

ಅವರ ತಂದೆ ಹಳೆ ಬಾಗಲಕೋಟೆಯಲ್ಲಿ ಟಾಂಗಾ ಕುದುರೆಗಳ ಜೀನು, ಲಗಾಮು ಹೊಲಿಯುತ್ತಿದ್ದರಂತೆ. ಟಾಂಗಾಗಳು ಹೋದ ಮೇಲೆ ಮಗ ಟಾಕೀಜಿನ ಕುರ್ಚಿಗೆ ಬಂದರು, ಅಲ್ಲಿಂದ ಜೀಪಿನ ಸೀಟಿಗೆ, ಕೊನೆಗೆ ಮನೆಮನೆಯ ಸೋಫಾ ರಿಪೇರಿಗೆ. ಅಂಗಡಿ ಇರಲಿಲ್ಲ. ಒಂದು ಖಾಕಿ ಚೀಲದಲ್ಲಿ ಅಂಟು, ಬಣ್ಣದ ಡಬ್ಬಿಗಳು, ಉಜ್ಜುವ ಕಾಗದ, ಮೇಣ ತುಂಬಿಕೊಂಡು ಕರೆದವರ ಮನೆಗೆ ಹೋಗುತ್ತಿದ್ದರು.

ಇನ್ನು ನಮ್ಮ ಸೋಫಾದ ಕಥೆ. ಪಕ್ಕದ ಮನೆಯ ಅಧಿಕಾರಿಯೊಬ್ಬರು ವರ್ಗವಾಗಿ ಹೋಗುವಾಗ ಅದು ನಮ್ಮ ಪಾಲಿಗೆ ಬಂತು. ಕಂದು ಬಣ್ಣದ, ಎತ್ತರದ, ಶುದ್ಧ ಎಮ್ಮೆ ಚರ್ಮದ ಸೋಫಾ. ನನ್ನವ್ವ ಶಿರೂರಿನ ದೊಡ್ಡ ಮನೆತನದ ಹೆಣ್ಣುಮಗಳು. ದಿನಾ ಜಳಕ ಮಾಡಿ ಅಂಗೈಯಲ್ಲಿ ಲಿಂಗ ಹಿಡಿದು ಪೂಜೆ ಮಾಡದೆ ನೀರೂ ಕುಡಿಯದವಳು. ಚರ್ಮದ ವಸ್ತು ಹೊಸ್ತಿಲು ದಾಟುವಂತಿರಲಿಲ್ಲ. ನನ್ನ ಬೆಲ್ಟು, ಪಾಕೀಟು ಬಾಗಿಲ ಹೊರಗಿನ ಗೂಡಿನಲ್ಲೇ ಇರುತ್ತಿದ್ದವು. ಅವ್ವನ ಮಂಡಿ ಊದಿ, ನೆಲಕ್ಕೆ ಕೂರಬಾರದೆಂದು ದವಾಖಾನೆಯಲ್ಲಿ ಹೇಳಿದ್ದರು. ಸೋಫಾ ನೋಡಿ, "ತೊಗಲಲ್ಲ ಹೌದಿಲ್ಲೋ?" ಎಂದು ಕೇಳಿದಳು. "ರೆಕ್ಸಿನ್ ಐತವ್ವಾ" ಎಂದೆ. ಅವಳ ಮಂಡಿಯ ಸಲುವಾಗಿ ಹೇಳಿದೆ ಎಂದು ಬಹಳ ದಿನ ನನ್ನನ್ನು ನಾನೇ ನಂಬಿಸಿಕೊಂಡಿದ್ದೆ. ನಿಜವೆಂದರೆ ಆ ಸೋಫಾದ ಮೇಲೆ ನನಗೆ ಆಸೆಯಿತ್ತು. ಮರುದಿನದಿಂದ ಅವ್ವ ಅದರ ಮೇಲೆಯೇ ಕೂತು ಲಿಂಗಪೂಜೆ ಮಾಡತೊಡಗಿದಳು. ನಾನು ಎದುರಿಗೆ ಕೂತು ಪೇಪರ್ ಓದುತ್ತಿದ್ದೆ.

ನಮ್ಮ ಕಡೆಯ ಬಿಸಿಲಿಗೆ ಎರಡು ಬೇಸಿಗೆಯಲ್ಲಿ ಚರ್ಮ ಬಿರಿಯಿತು. ಬೆಕ್ಕೊಂದು ತೋಳಿನ ಮೇಲೆ ಉಗುರು ಮಸೆದು ಗೇಣುದ್ದ ಹರಿಯಿತು. ನಾನು ಫೋನಿನಲ್ಲಿ ವಿಡಿಯೋ ನೋಡಿ, ಹರಿದಲ್ಲಿ ಮನೆಯ ಅಂಟು ಸುರಿದು, ಬಿರುಕುಗಳ ಮೇಲೆಲ್ಲ ಬೂಟ್ ಪಾಲಿಶ್ ತಿಕ್ಕಿದೆ. ಅವ್ವನ ಬಿಳಿ ಸೀರೆಯ ಬೆನ್ನೆಲ್ಲ ಕಂದಾಯಿತು. "ರೆಕ್ಸಿನ್‌ಗೆ ಬೂಟಿನ ವಾಸನಿ ಯಾಕ ಬರ್ತೈತೋ?" ಎಂದು ಅವ್ವ ಕೇಳಿದ ದಿನವೇ ರಾಜೇಸಾಬರಿಗೆ ಹೇಳಿಕಳಿಸಿದೆ.

ಅವರು ಕೈ ಮಗುಚಿ ಮುಟ್ಟುವ ಮೊದಲೇ ಅಂಗಳಕ್ಕೆ ಕರೆದೊಯ್ದು, ಸಂಗತಿ ಹೇಳಿ, ಅವ್ವ ಕೇಳಿದರೆ ರೆಕ್ಸಿನ್ ಎನ್ನಬೇಕೆಂದು ಬೇಡಿಕೊಂಡೆ. ಅವರಿಗೆ ಸಿಟ್ಟೇ ಬಂತು. "ಏನ್ ಸರ್, ಮಂದಿಗೆ ಪಾಠ ಹೇಳಾವ್ರು ನೀವು. ತೊಗಲಿಗೆ ರೆಕ್ಸಿನ್ ಅನ್ನಾಕ ನನ್ನ ನಾಲಿಗಿ ಹೆಂಗ ಹೊಳ್ಳಬೇಕ್ರಿ?" ಎಂದರು. ಒಳಗೆ ಬಂದರೆ ಅವ್ವ ಗೋಡೆ ಹಿಡಿದು ಒಂದೊಂದೇ ಹೆಜ್ಜೆ ಇಡುತ್ತ ಬಂದು ಸೋಫಾದ ಮೇಲೆ ಕುಸಿದಳು. "ನೀ ಬಲ್ಲಾಂವ ಅದಿ ತಮ್ಮಾ, ಖರೆ ಹೇಳು, ಇದು ತೊಗಲೇನು?" ಎಂದು ಕೇಳಿದಳು. ರಾಜೇಸಾಬರು ಅವಳ ಮಂಡಿಯನ್ನೇ ನೋಡುತ್ತಿದ್ದರು. "ರೆಕ್ಸಿನ್ ಐತ್ರಿ ಅವ್ವಾರ. ಆರಾಮ ಕುಂದರ್ರಿ" ಎಂದರು. ಅವ್ವನ ಮುಖ ಅರಳಿತು. ಮಗ ಹೇಳಿದಾಗ ಉಳಿದಿದ್ದ ಅನುಮಾನ ಅವರು ಹೇಳಿದಾಗ ಹೋಯಿತು.

ನಾಲ್ಕು ದಿನ ಕೆಲಸ ನಡೆಯಿತು. ಮೊದಲ ಇಡೀ ದಿನ ನಾನು ಮಾಡಿದ ರಿಪೇರಿಯನ್ನು ಕೆರೆದು ತೆಗೆಯುವುದಕ್ಕೇ ಹೋಯಿತು. "ಬೆಕ್ಕು ಹರದದ್ದು ಗೇಣು, ಸರ್ ಕೆಡಿಸಿದ್ದು ಮಳ" ಎಂದು ಅವ್ವನಿಗೆ ಹೇಳಿ ನಕ್ಕರು. ಸೋಫಾ ಬೋರಲು ಹಾಕಿ, ತಳದಲ್ಲಿ ಯಾರಿಗೂ ಕಾಣದ ಕಡೆಯಿಂದ ಒಂದು ತುಂಡು ಕತ್ತರಿಸಿಕೊಂಡರು. ಅದರ ಅಂಚನ್ನು ಕಾಗದದಷ್ಟು ತೆಳ್ಳಗೆ ಕೆತ್ತಿ, ಹರಿದ ಬಾಯಿಯೊಳಗೆ ಚಿಮಟಿಗೆಯಿಂದ ತೂರಿಸಿ, ಅಂಟು ಹಚ್ಚಿ, ಮೇಲೆ ರುಬ್ಬುವ ಗುಂಡು ಹೇರಿದರು. ಬಿರುಕುಗಳಿಗೆ ಲೇಪ ಸವರುವುದು, ಒಣಗಿಸುವುದು, ಉಜ್ಜುವುದು, ಮತ್ತೆ ಸವರುವುದು. ಅವಸರ ಮಾಡಿದರೆ, "ಹಸಿ ಬಣ್ಣ ನಂಬಬಾರದ್ರಿ, ಒಣಗಿದ ಮ್ಯಾಲ ಅದರ ಖರೇ ಮಾರಿ ಕಾಣತೈತಿ" ಎನ್ನುತ್ತಿದ್ದರು. ಮಧ್ಯಾಹ್ನ ಅವ್ವ ರೊಟ್ಟಿ, ಶೇಂಗಾ ಹಿಂಡಿ ಹಾಕಿಕೊಟ್ಟು ಎದುರಿಗೇ ಕೂತು ಮಾತಾಡುತ್ತಿದ್ದಳು. ನನ್ನ ಜೊತೆ ಅಷ್ಟು ಮಾತಾಡಿದ್ದು ನನಗೆ ನೆನಪಿಲ್ಲ. ಕೆಲಸ ಮುಗಿದ ದಿನ ಹರಿದ ಜಾಗ ಯಾವುದೆಂದು ನನಗೇ ಗುರುತು ಸಿಗಲಿಲ್ಲ.

ಮುಂದೆ ಒಂದು ವರ್ಷ ಎಲ್ಲ ಸುರಳೀತ ಇತ್ತು. ರಾಜೇಸಾಬರು ಆಗಾಗ ಕರೆಯದೆಯೇ ಬಂದು ಸೋಫಾಕ್ಕೆ ಮೇಣ ತಿಕ್ಕಿ, ಅವ್ವನ ಕೈಯ ಮಜ್ಜಿಗೆ ಕುಡಿದು ಹೋಗುತ್ತಿದ್ದರು.

ಬಸವ ಜಯಂತಿಯ ದಿನ ಕಾಯಕದ ಮೇಲೆ ಒಂದು ತಾಸು ಭಾಷಣ ಮಾಡಿ, ಶಾಲು ಹೊದಿಸಿಕೊಂಡು ಮನೆಗೆ ಬಂದೆ. ಗುಳೇದಗುಡ್ಡದಿಂದ ನನ್ನ ಹೆಂಡತಿಯ ಅಣ್ಣ ಬಂದಿದ್ದ. ಕುಪ್ಪಸದ ಖಣದ ವ್ಯಾಪಾರಿ. ಯಾವ ವಸ್ತುವನ್ನೂ ಬೆರಳಲ್ಲಿ ಹಿಚುಕದೆ ಬಿಡುವವನಲ್ಲ. ಸೋಫಾ ಹಿಚುಕಿ, "ಭಾವಾ, ಅಪ್ಪಟ ತೊಗಲು ಐತಲ್ಲೋ ಇದು! ಭಾರೀ ಮಾಲು" ಎಂದುಬಿಟ್ಟ. ಅವ್ವ ಅದರ ಮೇಲೆಯೇ ಕೂತಿದ್ದಳು. ಎದೆಯ ಮೇಲಿನ ಲಿಂಗವನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ನನ್ನ ಕಡೆ ನೋಡಿದಳು.

ಒಪ್ಪಿಕೊಳ್ಳಬಹುದಾಗಿತ್ತು. ಅವ್ವ ಒಂದು ವಾರ ಮಾತು ಬಿಡುತ್ತಿದ್ದಳು, ಅಷ್ಟೇ. ಶಾಲು ಇನ್ನೂ ಹೆಗಲ ಮೇಲೇ ಇತ್ತು. "ಮೊದಲ ರೆಕ್ಸಿನ್ನಽ ಇತ್ತವ್ವಾ. ರಿಪೇರಿ ಮಾಡುವಾಗ ರಾಜೇಸಾಬ ಕೇಳದಽ ತೊಗಲು ಹಾಕ್ಯಾನ ಕಾಣತೈತಿ" ಎಂದೆ. ಎಷ್ಟು ಸಲೀಸಾಗಿ ಬಂತು ಆ ಮಾತು! ಅವ್ವ, "ನನ್ನ ಮುಂದ ರೆಕ್ಸಿನ್ ಅಂದನಲ್ಲೋ. ನನ್ನ ಕೈಯಾಗಿನ ರೊಟ್ಟಿ ತಿಂದು" ಎಂದಳು. ಮೆಲ್ಲಗೆ ಎದ್ದು, ಗೋಡೆ ಹಿಡಿದುಕೊಂಡು ಜಳಕಕ್ಕೆ ಹೋದಳು.

ಸೋಫಾವನ್ನು ಭಾವಮೈದುನನೇ ಖುಷಿಯಿಂದ ಗುಳೇದಗುಡ್ಡಕ್ಕೆ ಸಾಗಿಸಿದ. ಹೋಗುವ ಮುನ್ನ ಓಣಿಯ ನಾಲ್ಕು ಮಂದಿಗೆ ಸುದ್ದಿಯನ್ನೂ ಹಂಚಿದ. ಲಿಂಗಪೂಜೆ ಮಾಡುವ ಮುದುಕಿಯನ್ನು ಬೇಕಂತಲೇ ಚರ್ಮದ ಮೇಲೆ ಕೂರಿಸಿದ ಸಾಬ ಎಂಬ ಮಾತು ಮನೆಯಿಂದ ಮನೆಗೆ ಹೋಗುತ್ತ ಬೆಳೆಯಿತು. ಈಗಿನ ದಿನಮಾನ ಗೊತ್ತಲ್ಲ. ಕೆಲವರು ಅದನ್ನು ಮೊಬೈಲಿನಲ್ಲೂ ಹಾಕಿದರು. ವಿದ್ಯಾಗಿರಿಯಲ್ಲಿ ರಾಜೇಸಾಬರನ್ನು ಯಾರೂ ಕರೆಯದಾದರು. ಒಂದು ಮನೆಯಲ್ಲಿ ಅರ್ಧ ಆದ ಕೆಲಸ ಬಿಡಿಸಿ ಕಳಿಸಿದರಂತೆ.

ವಾರದ ಮೇಲೆ, ನಾನು ಪಾಠ ಮಾಡುವ ಕಾಲೇಜಿನ ಗೇಟಿನ ಹತ್ತಿರ ರಾಜೇಸಾಬರು ಕಾದು ನಿಂತಿದ್ದರು. ಬೈಯುತ್ತಾರೆಂದುಕೊಂಡೆ. "ಸರ್, ಮಂದಿ ಏನರೆ ಅನ್ಲಿ. ಅವ್ವಾರಿಗೆ ಒಬ್ಬರಿಗೆ ಖರೆ ಹೇಳಿಬಿಡ್ರಿ. ರಾಜೇಸಾಬ ಮೋಸ ಮಾಡ್ಯಾನ ಅಂತ ಅವರ ಮನಸಿನ್ಯಾಗ ಇರಬಾರದ್ರಿ" ಎಂದರು. "ಇವತ್ತಽ ಹೇಳ್ತೇನಿ" ಎಂದೆ. ಅವರು ನಂಬಿ ಹೋದರು. ಅಂದು ಹೇಳಲಿಲ್ಲ, ಮರುದಿನವೂ ಹೇಳಲಿಲ್ಲ. ಕೆಲವು ತಿಂಗಳಲ್ಲಿ ಅವರು ಊರು ಬಿಟ್ಟು ಇಳಕಲ್ಲಿಗೆ ಮಗಳ ಮನೆಗೆ ಹೋದರೆಂದು ಕೇಳಿದೆ. ನಾಚಿಕೆ ಬಿಟ್ಟು ಹೇಳುತ್ತೇನೆ, ಆಗ ನನಗೆ ಹಗುರ ಅನ್ನಿಸಿತು.

ಅವ್ವ ಮರದ ಕುರ್ಚಿಯಲ್ಲಿ ಕೂತು ಇನ್ನೂ ಮೂರು ವರ್ಷ ಬದುಕಿದಳು. ಹಾಸಿಗೆ ಹಿಡಿದ ಮೇಲೆ ಒಮ್ಮೆ ಮಾತ್ರೆ ಕೊಡುತ್ತಿದ್ದಾಗ, "ಆ ರಾಜೇಸಾಬ ಹಂಗ ಯಾಕ ಮಾಡಿದ್ನೋ? ಭಾಳ ಚೊಲೊ ಮನಷ್ಯಾ ಅನ್ಕೊಂಡಿದ್ದೆ" ಎಂದಳು. ಕೋಣೆಯಲ್ಲಿ ನಾವಿಬ್ಬರೇ ಇದ್ದೆವು. ದೇವರೇ ತಂದುಕೊಟ್ಟ ಹೊತ್ತು ಅದು. ನಾನು, "ಮಾತ್ರಿ ನುಂಗವ್ವಾ" ಎಂದೆ.

ಅವ್ವ ಹೋದ ಎರಡು ವರ್ಷಕ್ಕೆ, ಮಗಳ ಮದುವೆಯ ಸೀರೆಗೆಂದು ಇಳಕಲ್ಲಿಗೆ ಹೋಗಿದ್ದೆ. ಬಸ್ ಸ್ಟ್ಯಾಂಡಿನ ಹತ್ತಿರ ಬೈಕಿನ ಸೀಟಿಗೆ ಕವರು ಹಾಕುವ ಅಂಗಡಿಯ ಮುಂದೆ ರಾಜೇಸಾಬರು ಸ್ಟೂಲಿನ ಮೇಲೆ ಕೂತಿದ್ದರು. ಕಣ್ಣು ಪೂರ್ತಿ ಹೋಗಿದ್ದವು. ಅಳಿಯ ಹೊಲಿದುಕೊಟ್ಟ ಕವರುಗಳ ಹೊಲಿಗೆಯನ್ನು ಸವರಿ ನೋಡುತ್ತಿದ್ದರು. ಸದ್ದು ಮಾಡದೆ ದಾಟಿ ಹೋಗಬಹುದಿತ್ತು, ಎರಡು ಹೆಜ್ಜೆ ಹೋಗಿಯೂ ಇದ್ದೆ. ಹೆಂಡತಿ ನನ್ನನ್ನು ಕೂಗಿ ಕರೆದಳು. ನಾನು "ಬಂದೆ" ಎಂದದ್ದೇ ತಡ, "ಬಾಗಲಕ್ವಾಟಿ ಸರ್ ಅಲ್ರಿ?" ಎಂದು ಎದ್ದು ನಿಂತರು.

ಚಹಾ ತರಿಸಿದರು. ಕಷ್ಟಸುಖ ಕೇಳಿದರು. "ಅವ್ವಾರು ಹೆಂಗದಾರ್ರಿ?" ಎಂದರು. ತೀರಿಕೊಂಡದ್ದು ಹೇಳಿದೆ. ಎರಡೂ ಕೈ ಎತ್ತಿ ಬಾಯೊಳಗೇ ಏನೋ ಪ್ರಾರ್ಥಿಸಿ ಮುಖದ ಮೇಲೆ ಸವರಿಕೊಂಡರು. ಆಮೇಲೆ ದನಿ ತಗ್ಗಿಸಿ ಕೇಳಿದರು.

"ಸರ್, ಹೋಗೂಕಿಂತ ಮೊದಲ ಅವರಿಗೆ ಆ ಮಾತು ಹೇಳಿದ್ರೇನ್ರಿ?"

"ಹೇಳಿದ್ದೆ" ಎಂದೆ.

"ಏನಂದ್ರು ಅವ್ವಾರು?"

"ರಾಜೇಸಾಬನ್ನ ಒಮ್ಮೆ ಮನಿಗೆ ಕರ್ಕೊಂಡು ಬಾ ಅಂದ್ರು."

ಅವರು ಸ್ಟೂಲನ್ನು ತಡಕಿ ಕೂತರು. ಕಣ್ಣಲ್ಲಿ ನೀರು ಬಂತು. ಒಳಗೆ ತಿರುಗಿ ಅಳಿಯನನ್ನು ಕೂಗಿ, "ಕೇಳಿದೇನಪಾ? ಅವ್ವಾರು ನನ್ನ ಕರದಿದ್ರಂತ!" ಎಂದರು. ನನ್ನ ಕಡೆ ತಿರುಗಿ, "ಒಂದು ಫೋನ್ ಹಚ್ಚಬಾರದಿತ್ತೇನ್ರಿ ಸರ್? ಯಾರ ಕೈಯರೆ ಹಿಡಕೊಂಡು ಬರ್ತಿದ್ದೆ" ಎಂದರು. ನಾನು ಚಹಾ ಮುಗಿಸಿ, ಬಸ್ಸಿಗೆ ಹೊತ್ತಾಯಿತೆಂದು ಎದ್ದೆ.

ಮೊನ್ನೆ ಮಳೆಗಾಲದಲ್ಲಿ ಅವರ ಅಳಿಯ ಫೋನ್ ಮಾಡಿದ. ಮಾವ ತೀರಿಕೊಂಡರೆಂದು ಹೇಳಿ, "ನೀವು ಅವತ್ತ ಹೇಳಿ ಹೋದ ಮಾತು ಬಂದವರಿಗೆಲ್ಲಾ ಹೇಳ್ತಿದ್ರು, ಕಡೀತನಕ. ಸಮಾಧಾನದಿಂದ ಹೋದ್ರು. ನಿಮ್ಮ ಉಪಕಾರ ಭಾಳ ಆತ್ರಿ ಸರ್" ಎಂದ.

"ಇರಲಿ ಬಿಡಪಾ" ಎಂದೆ ನಾನು.