ಎಣ್ಣೆ ಕುಡಿಯುವುದನ್ನು ಬಿಟ್ಟ ಕಾರು

ನಮ್ಮ ಮನೆಯವರು ಇದ್ದಾಗ ಆ ಕಾರು ಎಣ್ಣೆ ಕುಡಿಯುತ್ತಿತ್ತು. ಹಳೆಯ ಟರ್ಬೊ ಡೀಸೆಲ್ ಗಾಡಿ, ಸೆಕೆಂಡ್ ಹ್ಯಾಂಡ್ ಕೊಂಡದ್ದು. ಪ್ರತಿ ಸೋಮವಾರ ಬೆಳಿಗ್ಗೆ ಅವರು ಬಾನೆಟ್ ಎತ್ತಿ, ಎಣ್ಣೆಯ ಮಟ್ಟ ನೋಡುವ ಉದ್ದನೆಯ ಕಡ್ಡಿಯನ್ನು ಎಳೆದು, ಹಳೆ ಬನಿಯನ್ನಿನ ತುಂಡಿನಿಂದ ಒರೆಸಿ, ಮತ್ತೆ ಇಳಿಬಿಟ್ಟು ತೆಗೆದು ಬೆಳಕಿಗೆ ಹಿಡಿಯುತ್ತಿದ್ದರು.

"ಮತ್ತ ಕುಡಿದೈತೆ ನೋಡು, ನಿಮ್ಮಪ್ಪನಂಗೆ" ಎಂದು ನನ್ನನ್ನು ಕೆಣಕುತ್ತಿದ್ದರು. ನಮ್ಮಪ್ಪ ಚಹಾ ಬಿಟ್ಟು ಬೇರೇನೂ ಕುಡಿದವರಲ್ಲ.

ನೆಲದ ಮೇಲೆ ಒಂದು ಹನಿ ಸೋರಿದ ಗುರುತೂ ಇರುತ್ತಿರಲಿಲ್ಲ. ಸೇತುವೆಯ ಏರು ಹತ್ತುವಾಗ ಮಾತ್ರ ಹಿಂದೆ ನೀಲಿ ಹೊಗೆ ಏಳುತ್ತಿತ್ತು. ಇಂಜಿನ್ನಿಗೆ ಗಾಳಿ ತುಂಬುವ ಟರ್ಬೊ ಸವೆದಿದೆ, ಅದರ ಸಂದಿಯಿಂದ ಎಣ್ಣೆ ಗಾಳಿಯ ಜೊತೆ ಇಂಜಿನ್ನಿಗೆ ಹೋಗಿ ಸುಡುತ್ತದೆ ಎಂದು ಮೆಕ್ಯಾನಿಕ್ ಹೇಳಿದ್ದ. ಅವರು ನಕ್ಕು, ವಾರಕ್ಕೊಮ್ಮೆ ಒಂದಿಷ್ಟು ಹಾಕಿ ಸುಮ್ಮನಾಗುತ್ತಿದ್ದರು. ಹಾಕುವಾಗ ಲಾಳಿಕೆ ಹಿಡಿಯುತ್ತಿದ್ದವರು ಅವರ ಅವ್ವ, ನನ್ನ ಅತ್ತೆ.

ಒಂದು ದಿನ ನಮ್ಮ ಮನೆಯವರು ಕೆಲಸದ ಜಾಗದಲ್ಲೇ ಎದೆ ಹಿಡಿದುಕೊಂಡು ಕುಸಿದರು. ಹರಿಹರದ ಅಂಚಿನಲ್ಲಿರುವ ನಮ್ಮವರ ಹೊಲದಲ್ಲಿ ಮಣ್ಣು ಮಾಡಿದೆವು. ಮನೆಯಲ್ಲಿ ಅವರ ದೇಹವನ್ನು ಕೊನೆಯದಾಗಿ ಕೂಡಿಸಿದ್ದ ಜಾಗದಲ್ಲಿ ದೀಪ ಇಟ್ಟು, ಕಾರ್ಯ ಮುಗಿಯುವ ತನಕ ಅದು ಆರಿ ಶಾಂತವಾಗದಂತೆ ಅತ್ತೆ ಎಣ್ಣೆ ಹಾಕುತ್ತಾ ಕೂತರು. ಕಾರ್ಯ ಮುಗಿದ ಮೇಲೆ ನಾವು ದೀಪವನ್ನು ಎತ್ತಿಟ್ಟೆವು. ವರ್ಷ ತುಂಬುವವರೆಗೆ ಅವರ ಗಾಡಿ ಓಣಿ ದಾಟಬಾರದು ಎಂದು ಹಿರಿಯರು ಹೇಳಿದರು. ವರ್ಷದ ಕಾರ್ಯಕ್ಕೆ ಅದೇ ಕಾರಿನಲ್ಲಿ, ನಾನೇ ಓಡಿಸಿಕೊಂಡು, ಅತ್ತೆಯನ್ನು ಹರಿಹರಕ್ಕೆ ಕರೆದುಕೊಂಡು ಹೋಗಬೇಕು ಎಂದು ನಾನು ಮನಸ್ಸಿನಲ್ಲೇ ಗಟ್ಟಿಮಾಡಿಕೊಂಡೆ. ನನಗೆ ಬೇರೆ ಏನೂ ಬೇಕಿರಲಿಲ್ಲ.

ವಿನೋಬನಗರದ ನಮ್ಮ ಓಣಿಯಲ್ಲಿ ಕಾರು ಗೋಡೆಗೆ ಒತ್ತಿಕೊಂಡು ನಿಂತಿತ್ತು. ಬ್ಯಾಟರಿ ಸಾಯಬಾರದೆಂದು ನಾನು ದಿನಾ ಬೆಳಿಗ್ಗೆ ಸ್ಟಾರ್ಟ್ ಮಾಡಿ ನಿಂತಲ್ಲೇ ಓಡಲು ಬಿಡುತ್ತಿದ್ದೆ. ಅತ್ತೆ ಬಂದು ಪಕ್ಕದ ಸೀಟಿನಲ್ಲಿ ಕೂರುವರು. ಇಬ್ಬರೂ ಮುಂದಿನ ಗೋಡೆಯನ್ನು ನೋಡುತ್ತಾ ಕೂತಿರುವೆವು. ಸೀಟಿನಲ್ಲಿ ನಮ್ಮ ಮನೆಯವರ ತಲೆಗೆ ಹಚ್ಚುವ ಎಣ್ಣೆಯ ವಾಸನೆ ಇನ್ನೂ ಇತ್ತು. ಇಂಜಿನ್ ನಡುಗಿದಾಗ ಅದು ಸ್ವಲ್ಪ ಜಾಸ್ತಿಯಾಗುತ್ತಿತ್ತು.

ಸೋಮವಾರ ಬಂದರೆ ನಾನು ಕಡ್ಡಿ ಎಳೆದು ನೋಡುತ್ತಿದ್ದೆ. ಎಣ್ಣೆ ಇಳಿದಿರಲಿಲ್ಲ. ಓಡದ ಗಾಡಿ ಎಷ್ಟು ಕುಡಿದೀತು ಅಂದುಕೊಂಡೆ. ಆದರೆ ಕೆಲವು ವಾರಗಳಲ್ಲಿ ಅದು ಮೇಲಿನ ಗುರುತು ಮುಟ್ಟಿತು. ಆಮೇಲೆ ಗುರುತನ್ನೂ ದಾಟಿತು. ನಾನು ಒಂದು ತೊಟ್ಟೂ ಹಾಕಿರಲಿಲ್ಲ. ಮನೆಯ ಹಿಂದಿನ ಶೆಡ್ಡಿನಲ್ಲಿ ಅವರು ಇಟ್ಟುಹೋಗಿದ್ದ ಎಣ್ಣೆ ಡಬ್ಬಿಯ ಮುಚ್ಚಳವನ್ನು ಯಾರೂ ಬಿಚ್ಚಿರಲಿಲ್ಲ.

ಕಡ್ಡಿ ಹಿಡಿದು ನಿಂತಿದ್ದೆ. ಹಿಂದೆ ಯಾರೋ ನಿಂತು ಭುಜದ ಮೇಲಿಂದ ಬಗ್ಗಿ ನೋಡುತ್ತಿದ್ದಾರೆ ಅನ್ನಿಸಿತು. ತಿರುಗಲಿಲ್ಲ. ಹೆದರಿಕೆ ಇತ್ತು, ನಿಜ. ಆದರೆ ತಿರುಗಿದರೆ ಅಲ್ಲಿ ಯಾರೂ ಇರುವುದಿಲ್ಲವಲ್ಲ ಎಂಬುದು ಅದಕ್ಕಿಂತ ದೊಡ್ಡ ಹೆದರಿಕೆ. ಯಾರಿಗೂ ಹೇಳದೆ ಬಾನೆಟ್ ಮುಚ್ಚಿದೆ.

ಅದೇ ಸುಮಾರಿಗೆ, ಇಂಜಿನ್ ಬಿಸಿಯಾದ ಮೇಲೆ, ಎದುರಿನ ಫಲಕದಲ್ಲಿ ಕೆಂಪು ದೀಪ ಮಿಣುಕತೊಡಗಿತು. ಎಣ್ಣೆಯ ಒತ್ತಡ ಕಡಿಮೆಯಾದಾಗ ಬರುವ ದೀಪ ಅದು. ಮೂತಿಯಿರುವ ಪುಟ್ಟ ಹಣತೆಯ ಹಾಗೆ ಇರುತ್ತದೆ, ತುದಿಯಲ್ಲಿ ಒಂದು ಹನಿ. ಎಣ್ಣೆ ತುಂಬಿ ತುಳುಕುತ್ತಿರುವಾಗ ಅದು ಏಕೆ ಬರಬೇಕು?

ಆನೆಕೊಂಡದ ಕಡೆಯಿಂದ ಮೆಕ್ಯಾನಿಕ್ ಬಂದ. ಕಡ್ಡಿಯನ್ನು ನೋಡಲೇ ಇಲ್ಲ. "ದೀಪ ಹತ್ತಿಸೋ ಸ್ವಿಚ್ ಹೋಗೈತಕ್ಕ, ಸುಳ್ಳು ಹೇಳ್ತೈತೆ" ಎಂದು ಹೊಸ ಸ್ವಿಚ್ ಹಾಕಿ ಹೋದ. ಮರುದಿನವೂ ದೀಪ ಮಿಣುಕಿತು. ಪಕ್ಕದಲ್ಲಿದ್ದ ಅತ್ತೆಯ ಮುಖದ ಮೇಲೆ ಆ ಕೆಂಪು ಬಿದ್ದಂತೆ ಕಂಡಿತು. ಅವರು ಹೆದರಿರಲಿಲ್ಲ. ನಗುತ್ತಿದ್ದರು.

ಮೆಕ್ಯಾನಿಕ್ ಮತ್ತೆ ಬಂದದ್ದು ಒಂದು ಭಾನುವಾರ ಬೆಳಿಗ್ಗೆ, ಒತ್ತಡ ಅಳೆಯುವ ಗೇಜ್ ಹಿಡಿದುಕೊಂಡು. ಸ್ವಿಚ್ ಬಿಚ್ಚಿ ಆ ಜಾಗಕ್ಕೆ ಗೇಜಿನ ಪೈಪು ಕೂಡಿಸಿದ. ನಾನು ಸ್ಟಾರ್ಟ್ ಮಾಡಿದೆ. ಇಂಜಿನ್ ತಣ್ಣಗಿದ್ದಾಗ ಮುಳ್ಳು ಸರಿಯಾಗಿ ನಿಂತಿತು. ಬಿಸಿಯಾಗುತ್ತಾ ಇಳಿಯಿತು.

"ಒಂಚೂರು ಆಕ್ಸಿಲೇಟರ್ ಕೊಡ್ರಕ್ಕ" ಎಂದ.

ಕೊಟ್ಟೆ. ಇಂಜಿನ್ ಏರಿತು. ಕಾಲು ತೆಗೆದೆ. ಅದು ಇಳಿಯಲಿಲ್ಲ. ಇನ್ನೂ ಏರಿತು. ಹಿಂದಿನಿಂದ ದಟ್ಟ ಹೊಗೆ ಬಂದು ಓಣಿ ತುಂಬಿಕೊಂಡಿತು.

"ಆಫ್ ಮಾಡ್ರೀ!"

"ಆಫೇ ಮಾಡೀನಿ!" ಎಂದು ಕೀಲಿಯನ್ನೇ ಕಿತ್ತು ತೋರಿಸಿದೆ. ಕೀಲಿ ನನ್ನ ಕೈಯಲ್ಲಿತ್ತು. ಕಾರು ಕೂಗುತ್ತಲೇ ಇತ್ತು.

ಹೊಗೆಯ ಆಚೆ ಯಾರೋ, "ಸೊಳ್ಳೆ ಹೊಗಿ ಬಿಡೋರು ಬಂದಾರೇನ್ರಿ? ನಮ್ಮನಿ ಕಡೀಗೂ ಒಂಚೂರು ಬಿಡ್ರಿ!" ಅಂದರು. ಹೊಗೆಯ ಈಚೆ, ಬಾನೆಟ್ಟಿನ ಮುಂದೆ, ಅತ್ತೆ ಕೈ ಮುಗಿದು ನಿಂತಿದ್ದರು.

"ಬಂದ್ಯೇನಪ್ಪಾ" ಅನ್ನುತ್ತಿದ್ದರು. "ಬಂದ್ಯಾ?"

ಮೆಕ್ಯಾನಿಕ್ ಅವರನ್ನು ತೋಳು ಹಿಡಿದು ಪಕ್ಕಕ್ಕೆ ಎಳೆದ. "ಅಕ್ಕಾ, ಬ್ರೇಕ್ ಗಟ್ಟಿ ಒತ್ರಿ! ಟಾಪ್ ಗೇರಿಗೆ ಹಾಕಿ ಕ್ಲಚ್ ಬಿಡ್ರಿ!"

ಹಾಗೇ ಮಾಡಿದೆ. ಕಾರು ಒಮ್ಮೆ ಒದರಿ, ಮುಗ್ಗರಿಸಿ ನಿಂತಿತು. ಆ ನಿಶ್ಶಬ್ದದಲ್ಲಿ ಅತ್ತೆ ಕಿಟಕಿಯ ಹತ್ತಿರ ಬಂದು ನನ್ನನ್ನೇ ನೋಡಿದರು.

"ನಿಲ್ಸಿಬಿಟ್ಟೇನವ್ವ?"

ಮಧ್ಯಾಹ್ನ ಮೆಕ್ಯಾನಿಕ್ ಕೆಳಗಿನ ಬೋಲ್ಟ್ ಬಿಚ್ಚಿ ಎಣ್ಣೆ ಇಳಿಸಿದ. ಇಟ್ಟ ಬಕೆಟ್ ತುಂಬಿತು. ಇನ್ನೊಂದು ಇಟ್ಟ. ಬೆರಳಿಗೆ ಹಚ್ಚಿ ಮೂಸಿದ. "ನೀರಿನಂಗೆ ತೆಳ್ಳಗೈತೆ. ಡೀಸೆಲ್ ಕೂಡೈತೆ. ದಿನಾ ನಿಂತಲ್ಲೇ ಓಡಿಸಿದ್ರೆ ಸುಡದೇ ಉಳಿದ ಡೀಸೆಲ್ ಕೆಳಗ ಇಳೀತೈತೆ. ತೆಳ್ಳಗಾದ್ರೆ ಒತ್ತಡ ಎಲ್ಲಿಂದ ಬರ್ಬೇಕು? ಜಾಸ್ತಿ ಆಗಿದ್ದೆಲ್ಲಾ ಟರ್ಬೊ ಎಳ್ಕಂಡೈತೆ. ಅದನ್ನೇ ಕುಡಿದು ಓಡೈತೆ, ಕೀಲಿ ಯಾಕ ಬೇಕು ಅದಕ್ಕ?" ಎಂದ. ಆಮೇಲೆ ತಲೆ ಕೆರೆದುಕೊಂಡ. "ಆದ್ರೂ ಬರೀ ಡೀಸೆಲ್ಲಿಗೆ ಇಷ್ಟು ಆಗಂಗಿಲ್ಲ. ಯಾರೋ ಎಣ್ಣಿ ಹಾಕ್ಯಾರೆ."

"ನಾನೇ" ಎಂದರು ಅತ್ತೆ, ಕಟ್ಟೆಯ ಮೇಲಿಂದ.

ನಾನು ಕೆಲಸಕ್ಕೆ ಹೋದ ಮೇಲೆ ಮಧ್ಯಾಹ್ನ ಹಾಕುತ್ತಿದ್ದರಂತೆ. ತಮ್ಮ ಮಂಚದ ಕೆಳಗಿಂದ ಒಂದು ಡಬ್ಬಿ ತಂದು ತೋರಿಸಿದರು. ನಮ್ಮ ಮನೆಯವರು ಯಾವಾಗಲೋ ಅಲ್ಲಿ ಇಟ್ಟಿದ್ದನ್ನು ನಾನು ನೋಡಿಯೇ ಇರಲಿಲ್ಲ.

"ಆ ದೀಪ ಬಂದ್ರ ಎಣ್ಣಿ ಹಾಕಬೇಕು ಅವ್ವ ಅಂತಿದ್ದ ಅವನು. ಮನ್ಯಾಗಿನ ದೀಪ ಎತ್ತಿಟ್ರಿ. ಇದೊಂದಾದ್ರೂ ಅವನ ಗಾಡ್ಯಾಗ ತಾನಾಗೇ ಹತ್ತಿತಲ್ಲ ಅಂತ... ಶಾಂತ ಆಗಬಾರ್ದು ಅಂತ ಹಾಕಿದೆ."

"ಅದು ಹತ್ತಬಾರ್ದಜ್ಜಿ," ಎಂದ ಮೆಕ್ಯಾನಿಕ್, ಮೆಲ್ಲಗೆ. "ಹತ್ತಿದ್ರೆ ಇಂಜಿನ್ ಸಾಯ್ತೈತೆ ಅಂತ ಅರ್ಥ."

ಅತ್ತೆ ಅವನನ್ನು ನೋಡಿದರು. ನಂಬಿದಂತೆ ಕಾಣಲಿಲ್ಲ. ನನಗೂ ಅವತ್ತು ರಾತ್ರಿ ಊಟ ಸೇರಲಿಲ್ಲ. ಎಲ್ಲದಕ್ಕೂ ಕಾರಣ ಸಿಕ್ಕಿತ್ತು. ಭುಜದ ಹಿಂದೆ ಯಾರೂ ನಿಂತಿರಲಿಲ್ಲ ಎಂಬುದೂ ಗೊತ್ತಾಗಿತ್ತು. ಅವರು ಎರಡನೆಯ ಸಲ ಹೋದ ಹಾಗಾಯಿತು.

ಅಷ್ಟು ಕೂಗಿಯೂ ಇಂಜಿನ್ ಉಳಿದದ್ದು ಪುಣ್ಯ ಎಂದ ಮೆಕ್ಯಾನಿಕ್. ಟರ್ಬೊ ಬಿಚ್ಚಿ ಅದರ ಶಾಫ್ಟನ್ನು ಬೆರಳಿನಿಂದ ಅಲ್ಲಾಡಿಸಿ ತೋರಿಸಿದ. ಅಲುಗುವ ಹಲ್ಲಿನ ಹಾಗೆ ಆಡುತ್ತಿತ್ತು. ಒಳಗಿನ ಭಾಗ ಬದಲಿಸಿ, ಪೈಪುಗಳಲ್ಲಿ ನಿಂತಿದ್ದ ಎಣ್ಣೆ ತೊಳೆದು, ಫಿಲ್ಟರ್ ಮತ್ತು ಹೊಸ ಎಣ್ಣೆ ಹಾಕಿದ. ಗೇಜಿನ ಮುಳ್ಳು ಬಿಸಿಯಲ್ಲೂ ನಿಂತಿತು. "ಹರಿಹರಕ್ಕೆ ಹೋಗಿಬರ್ರಿ. ನಿಲ್ಸಿದ ಮ್ಯಾಲೆ ಒಂದೆರಡು ನಿಮಿಷ ಹಂಗೇ ಓಡಲಿ, ಟರ್ಬೊ ತಣ್ಣಗಾಗ್ಲಿ. ಆಮೇಲೆ ಆಫ್ ಮಾಡ್ರಿ."

ವರ್ಷದ ದಿನ ಬೆಳಿಗ್ಗೆ ಹೊರಟೆವು. ನಾನು ರಸ್ತೆಯನ್ನೂ ಫಲಕವನ್ನೂ ನೋಡುತ್ತಾ ಓಡಿಸಿದೆ. ಆ ದೀಪ ಬರದಿರಲಿ ಎಂದು ನಾನು ಬೇಡುತ್ತಿದ್ದೆ. ಪಕ್ಕದಲ್ಲಿ ಅತ್ತೆ, ಎಡೆಯ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು, ಅದು ಬರಲಿ ಎಂದು ಕಾಯುತ್ತಿದ್ದರು. ದಾರಿಯುದ್ದಕ್ಕೂ ಇಬ್ಬರ ಕಣ್ಣೂ ಒಂದೇ ಜಾಗದಲ್ಲಿತ್ತು.

ಹೊಲದ ಬದುವಿನ ಹತ್ತಿರ ನಿಲ್ಲಿಸಿದೆ. ಇಂಜಿನ್ ಓಡಲು ಬಿಟ್ಟೆ. ಜೋಳದ ಗರಿ ಅಲ್ಲಾಡುತ್ತಿತ್ತು.

"ಹತ್ತಲಿಲ್ಲ" ಎಂದರು ಅತ್ತೆ.

"ಹತ್ತಲಿಲ್ಲ, ಅತ್ತೀ."

ಕೀಲಿ ತಿರುಗಿಸಿದೆ. ಇಂಜಿನ್ ಕೂಡಲೇ ನಿಂತಿತು. ನಾವಿಬ್ಬರೂ ಇಳಿಯಲಿಲ್ಲ. ಅದು ತಾನಾಗಿ ಮತ್ತೆ ಶುರುವಾಗುತ್ತದೇನೋ ಎಂದು ಉಸಿರು ಹಿಡಿದು ಕೇಳುತ್ತಾ ಕೂತಿದ್ದೆವು. ಲೋಹ ತಣ್ಣಗಾಗುವ ಟಿಕ್ ಟಿಕ್ ಸದ್ದು ಬಂತು. ಅದೂ ನಿಂತ ಮೇಲೆ ಅತ್ತೆ ಬುಟ್ಟಿ ಎತ್ತಿಕೊಂಡು ಬಾಗಿಲು ತೆಗೆದರು.