ಅಣ್ಣನ ಹಡಗು, ಅಣ್ಣನ ಕಣ್ಣು

ಮೊನ್ನೆ ಕಾಗವಾಡದಲ್ಲಿ ನಮ್ಮ ಬಸ್ಸು ಒಂದು ಕಂಟೇನರ್ ಲಾರಿಯ ಹಿಂದೆ ಸಿಕ್ಕಿಹಾಕಿಕೊಂಡಿತು. ಒಣದ್ರಾಕ್ಷಿ ತುಂಬಿಕೊಂಡು ಮುಂಬೈ ಬಂದರಿಗೆ ಹೊರಟದ್ದಂತೆ. ಡಬ್ಬದ ಮೈತುಂಬ ಯಾವುದೋ ಪರದೇಶದ ಹಡಗು ಕಂಪನಿಯ ಹೆಸರು. ದ್ರಾಕ್ಷಿ ನಮ್ಮದು, ಹಡಗು ಪರರದು. ಅದನ್ನು ನೋಡುತ್ತಲೇ ತೀರಿಹೋದ ಅಣ್ಣ ನೆನಪಾದ. ನಿಮಗೂ ಹೀಗಾಗುತ್ತದಲ್ಲವೇ, ರಸ್ತೆಯ ನಡುವೆ ಸತ್ತವರು ಎದುರಿಗೆ ಬಂದು ನಿಲ್ಲುವುದು?

ಯಡೂರಿನ ನಮ್ಮ ಮನೆತನದಲ್ಲಿ ಎಲ್ಲರೂ ಎಮ್ಮೆ ಕಾಯ್ದವರೇ. ಸಮುದ್ರ ಕಂಡವನು ಅಣ್ಣನೊಬ್ಬ. ಮಿಲ್ಲಿನ ಕೆಲಸಕ್ಕೆಂದು ಮುಂಬೈಗೆ ಹೋದವನು ಹೇಗೋ ಹಡಗು ಹತ್ತಿ, ಚುಕ್ಕಾಣಿ ಹಿಡಿಯುವವರೆಗೆ ಏರಿದ. ಊರಿಗೆ ಬಂದಾಗ ಮಾತೆತ್ತಿದರೆ ‘ನಮ್ಮ ಹಡಗ’ ಎನ್ನುತ್ತಿದ್ದ, ಅವರಪ್ಪನ ಹಡಗೇನೋ ಎಂಬಂತೆ. ಅವರಪ್ಪನೆಂದರೆ ನಮ್ಮಪ್ಪನೂ ಹೌದು; ಆತನಿಗಿದ್ದದ್ದು ಎರಡು ಎಮ್ಮೆ.

ಹಡಗಿನ ಒಂದು ಸಫರು ಮುಗಿದರೆ ಕೆಲವು ತಿಂಗಳು ಮನೆ. ಮುಂಬೈ ಕಚೇರಿಯ ಪಟ್ಟಿಯಲ್ಲಿ ಸರದಿ ಬಂದಾಗ ಕಾಗದ ಬರುತ್ತಿತ್ತು, ಮತ್ತೆ ಹೊರಡುತ್ತಿದ್ದ. ಎಂಬತ್ತರ ದಶಕದ ಕೊನೆಗೆ ಆ ಸರದಿ ಸರಿಯುವುದೇ ನಿಂತಿತು. ಪರದೇಶದ ಹಡಗುಗಳು ಕಡಿಮೆ ಬಾಡಿಗೆಗೆ ಸರಕು ಎತ್ತತೊಡಗಿದವು. ಹಳತಾದ ನಮ್ಮವು ಒಂದೊಂದಾಗಿ ಗುಜರಾತಿನ ದಂಡೆಗೆ ಗುಜರಿಯಾಗಿ ಒಡೆಸಿಕೊಳ್ಳಲು ಹೋದವು. ಅಣ್ಣ ಮನೆಯಲ್ಲಿ ಕೂತು ಮೂರು ವರ್ಷವಾಯಿತು.

ನಾನು ಆಗ ಉಗಾರದ ಸಕ್ಕರೆ ಕಾರ್ಖಾನೆಯಲ್ಲಿ ಗುಮಾಸ್ತ. ಅವರಿವರ ಕೈಕಾಲು ಹಿಡಿದು ಅವನಿಗೊಂದು ಗೇಟಿನ ಕೆಲಸ ಗೊತ್ತು ಮಾಡಿದೆ. ಅವನು ಒಲ್ಲೆನೆಂದ. ನನಗೆ ಸಿಟ್ಟು ಬಂತು.

“ಆ ಹಡಗ ಮುಗದ್ವೋ ಅಣ್ಣಾ. ಇನ್ನ ಬರಂಗಿಲ್ಲ.”

“ನಾಳೆ ಕಾಗದ ಬಂದ್ರ? ಹಡಗ ನನ್ನ ಸಲುವಾಗಿ ನಿಂದರತೈತೇನ?”

ಅವನಿಗಿದ್ದದ್ದು ಒಂದೇ ಹೆದರಿಕೆ, ಕಣ್ಣಿನ ಪರೀಕ್ಷೆ. ಚುಕ್ಕಾಣಿಯವನಿಗೆ ದೂರದ್ದು ಕಾಣಲೇಬೇಕು. ಅದಕ್ಕೇ ದಿನಾ ಮುಂಜಾನೆ ಹೊಳೆಯ ಮೆಟ್ಟಿಲ ಮೇಲೆ ನಿಂತು, ಆಚೆ ದಂಡೆಯ ನೀರಿನಲ್ಲಿ ಬಿದ್ದುಕೊಂಡ ಎಮ್ಮೆ ಎಣಿಸುತ್ತಿದ್ದ. ರವಿವಾರ ನಾನು ಸಾಕ್ಷಿ. ಬರಬರುತ್ತ ಅವನ ಎಣಿಕೆ ತಪ್ಪತೊಡಗಿತು. ಅವನು ಏಳು ಎಂದರೆ ನನಗೆ ಕಾಣುವುದು ಐದು. ‘ಹೌದು, ಏಳು’ ಎಂದುಬಿಡುತ್ತಿದ್ದೆ. ಹಡಗಿನ ವಿಷಯದಲ್ಲಿ ಅಷ್ಟು ಖಡಕ್ಕಾಗಿ ಮಾತಾಡಿದ ನನಗೆ ಎಮ್ಮೆಯ ವಿಷಯದಲ್ಲಿ ಧೈರ್ಯ ಬರಲಿಲ್ಲ.

ಕಡೆಗೂ ಕಾಗದ ಬಂತು. ಟ್ರಂಕು ಹೊತ್ತು ಹೋದವನು ಹದಿನೈದು ದಿನಕ್ಕೇ ತಿರುಗಿ ಬಂದ.

“ಕಣ್ಣ ಫೇಲ್ ಮಾಡಿದ್ರು” ಎಂದಷ್ಟೇ ಹೇಳಿದ.

ಅಷ್ಟೊತ್ತಿಗೆ ಗೇಟಿನ ಕೆಲಸವೂ ಬೇರೆಯವರ ಪಾಲಾಗಿತ್ತು. ಆಮೇಲೆ ಅವನು ಹನ್ನೆರಡು ವರ್ಷ ಬದುಕಿದ. ಪೇಪರು ಓದಿ ಹೇಳುವವನು ನಾನು. ಚಿಕ್ಕೋಡಿ ಬಸ್ ನಿಲ್ದಾಣದಲ್ಲಿ ಬೋರ್ಡು ಓದುವವನು, ಕೈ ಹಿಡಿದು ರಸ್ತೆ ದಾಟಿಸುವವನು ನಾನು. ಆಗಲೇ ನಿಜ ಹೇಳಿದ್ದರೆ ಕಾರ್ಖಾನೆಗಾದರೂ ಬರುತ್ತಿದ್ದನಲ್ಲ ಎಂಬ ಸಂಕಟ ಮಾತ್ರ ನನ್ನನ್ನು ಬಿಡಲಿಲ್ಲ.

ಮೊನ್ನೆ ಬಸ್ಸಿಳಿದವನು ಮನೆಗೆ ಹೋಗದೆ ಯಡೂರಿಗೆ ಹೋದೆ. ಅಣ್ಣನ ಹೆಂಡತಿ, ನಮ್ಮ ವೈನಿ, ಚಹಾ ಕೊಟ್ಟರು. ಎಮ್ಮೆ ಎಣಿಸಿದ ಸುಳ್ಳನ್ನೆಲ್ಲ ಅವರ ಮುಂದೆ ಹೇಳಿಬಿಟ್ಟೆ. ಅವರು ಎದ್ದು ಅಣ್ಣನ ಟ್ರಂಕಿನಿಂದ ಒಂದು ಕಾಗದ ತಂದು ಕೈಗಿತ್ತರು. ಮುಂಬೈ ಡಾಕ್ಟರರದು. ಕಣ್ಣು ಸರಿ ಇದೆ ಎಂದು ಬರೆದು ಸಿಕ್ಕಾ ಒತ್ತಿತ್ತು. ಎಮ್ಮೆ ಏಳೇ ಇದ್ದವೋ ಏನೋ. ಅಣ್ಣ ತಿರುಗಿ ಬಂದ ಮರುವರ್ಷ ಚಷ್ಮಾ ಬಂದದ್ದು ನನಗೆ.

“ಕಣ್ಣ ಪಾಸಾಗಿದ್ವು” ಎಂದರು ವೈನಿ. “ಹತ್ತೂದ್ರಾಗ ಹಡಗ ಮಾರಿದ್ರಂತ. ಹಡಗ ಇಲ್ಲ ಅಂದ್ರ ತಮ್ಮ ಹೇಳಿದ್ದ ಖರೆ ಆಕ್ಕೈತಿ, ಕಣ್ಣ ಹೋದ್ವು ಅಂದ್ರ ಯಾರೂ ಏನೂ ಅನ್ನಂಗಿಲ್ಲ ಅಂದ್ರು ನಿಮ್ಮಣ್ಣ. ನನ್ನ ಕಡಿಂದ ಆಣಿ ಮಾಡಿಸ್ಕೊಂಡಿದ್ರು.” ಕಾಗದ ತಿರುಗಿ ಟ್ರಂಕಿನಲ್ಲಿಟ್ಟು ಹೇಳಿದರು: “ಮನ್ಯಾಗ ಯಾರೂ ಇಲ್ಲದಾಗ ಜ್ವಾಳ ಹಸನ ಮಾಡಿ ಕೊಡತಿದ್ರು. ಒಂದ ಹರಳ ಬಿಡತಿದ್ದಿಲ್ಲ.”

ಸಿಟ್ಟಿನಲ್ಲಿ ನಾನಂದ ಒಂದು ಮಾತಿಗೆ ಅಣ್ಣ ಹನ್ನೆರಡು ವರ್ಷ ನನ್ನ ಕೈ ಹಿಡಿದು ರಸ್ತೆ ದಾಟಿದ.